ಕವಿಗೆ ಸಲ್ಲುವ ಆಯ



ಸಾಹಿತ್ಯ, ದುಡಿಮೆ, ಸಂಸಾರ, ಸಮಾಜ ಎಂಬ ನಾಲ್ಕನ್ನೂ ಕಾರ್ಲ್ ಮಾರ್ಕ್ಸನು ಯಾವ ಕಣ್ಣಿನಿಂದ ನೋಡಿದನು, ಆ ಕಣ್ಣು ನಮ್ಮ ನಾಡಿನ ಒಂದು ಹಳ್ಳಿಯನ್ನೂ ನಮ್ಮ ಭಾಷೆಯ ಕೆಲವು ಗ್ರಂಥಗಳನ್ನೂ ನೋಡುವುದಕ್ಕೆ ಎಷ್ಟರಮಟ್ಟಿಗೆ ಒದಗೀತು ಎಂಬುದೇ ಈ ಹೊತ್ತಿನ ಭಾಷಣದ ವಿಷಯ. ಮಾರ್ಕ್ಸನ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಕೆಲವರು ಮುಖ ಸಿಂಡರಿಸುವುದುಂಟು. ಇನ್ನು ಕೆಲವರು ಮುಷ್ಟಿ ಎತ್ತುವುದುಂಟು. ಎರಡೂ ಅವಸರದ ಕೆಲಸವೆಂದೇ ನಮ್ಮ ಅಭಿಪ್ರಾಯ. ಒಬ್ಬ ಮನುಷ್ಯನು ತನ್ನ ಆಯುಸ್ಸನ್ನೆಲ್ಲ ಸವೆಸಿ ಕೆಲವು ಪ್ರಶ್ನೆಗಳನ್ನು ಕೇಳಿದ್ದಾನೆ. ಅವನು ಕೊಟ್ಟ ಉತ್ತರಗಳು ಹಾಗಿರಲಿ. ಅವನ ಪ್ರಶ್ನೆಗಳನ್ನು ನಮ್ಮ ಮನೆಯ ಜಗಲಿಯ ಮೇಲೆ ಕೂರಿಸಿ ಒಮ್ಮೆ ಮಾತನಾಡಿಸಿ ನೋಡೋಣ.

ಮಾರ್ಕ್ಸನು ಜರ್ಮನಿಯಲ್ಲಿ 1818ರಲ್ಲಿ ಹುಟ್ಟಿದವನು. ಲಂಡನ್ನಿನಲ್ಲಿ 1883ರಲ್ಲಿ ತೀರಿಕೊಂಡವನು. ನಮ್ಮ ನಾಡಿನ ನೆಲವನ್ನು ಅವನು ಮೆಟ್ಟಿದವನಲ್ಲ. ಆದರೂ ಅವನ ಮಹಾಗ್ರಂಥವಾದ 'ಬಂಡವಾಳ'ದ ಮೊದಲನೆಯ ಸಂಪುಟದಲ್ಲಿ, ಎಂದರೆ 1867ರಲ್ಲಿ ಅಚ್ಚಾದ ಪುಸ್ತಕದಲ್ಲಿ, ಹಿಂದೂಸ್ಥಾನದ ಹಳ್ಳಿಯೊಂದರ ಚಿತ್ರವಿದೆ. ಆ ಭಾಗಕ್ಕೆ ಅವನು ಆಧಾರವಾಗಿ ಹೆಸರಿಸುವ ಗ್ರಂಥಗಳಲ್ಲಿ ಒಂದು, ಕರ್ನಲ್ ಮಾರ್ಕ್ ವಿಲ್ಕ್ಸನು ಬರೆದ ದಕ್ಷಿಣ ಹಿಂದೂಸ್ಥಾನದ ಇತಿಹಾಸ. ಈ ವಿಲ್ಕ್ಸನು 19ನೆಯ ಶತಮಾನದ ಮೊದಲ ದಶಕದಲ್ಲಿ ಮೈಸೂರಿನಲ್ಲಿ ರೆಸಿಡೆಂಟನ ಕೆಲಸ ನೋಡಿದವನು. ಅವನ ಪುಸ್ತಕದ ಮೊದಲ ಸಂಪುಟ 1810ರಲ್ಲಿ ಪ್ರಕಟವಾಯಿತು. ಮೈಸೂರು ಸೀಮೆಯ ಹಳ್ಳಿಗಳನ್ನು ಬಲ್ಲವನ ಬರೆಹ ಹೀಗೆ ಲಂಡನ್ನಿನ ಪುಸ್ತಕಭಂಡಾರವನ್ನು ಸೇರಿ ಮಾರ್ಕ್ಸನ ಮೇಜನ್ನು ಹತ್ತಿತು. ಇದು ನಮ್ಮವರು ಅಷ್ಟಾಗಿ ಗಮನಿಸದಿರುವ ಸಂಗತಿ.

ಆ ಚಿತ್ರದಲ್ಲಿ ಏನಿದೆ? ಊರಿನ ಮುಖ್ಯಸ್ಥ, ಲೆಕ್ಕ ಬರೆಯುವವ, ಕಳ್ಳಕಾಕರನ್ನು ಹಿಡಿದು ಪರಸ್ಥಳದವರನ್ನು ಕಾಯುವವ, ಎಲ್ಲೆ ಕಾಯುವವ, ಕೆರೆಯ ನೀರು ಹಂಚುವವ, ಪೂಜೆಯ ಬ್ರಾಹ್ಮಣ, ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವ ಉಪಾಧ್ಯಾಯ, ಪಂಚಾಂಗ ಹೇಳುವ ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಕ್ಷೌರಿಕ, ಅಗಸ, ಅಕ್ಕಸಾಲಿ. ನಮ್ಮ ಕಡೆಯ ಹಿರಿಯರಿಗೆ ಇದು ಹೊಸ ಪಟ್ಟಿಯಲ್ಲ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದ ಹನ್ನೆರಡು ಆಯಗಾರರೆಂದು ನಾವು ಯಾರನ್ನು ಕರೆಯುತ್ತಿದ್ದೆವೋ ಅವರೇ ಇವರು. ಆದರೆ ಪಟ್ಟಿಯ ಕೊನೆಯಲ್ಲಿ ಮಾರ್ಕ್ಸನು ಇನ್ನೊಬ್ಬನನ್ನು ಸೇರಿಸುತ್ತಾನೆ. ಅಲ್ಲಲ್ಲಿ ಕವಿಯೊಬ್ಬನಿರುವನೆಂದೂ, ಕೆಲವು ಊರುಗಳಲ್ಲಿ ಅವನು ಅಕ್ಕಸಾಲಿಯ ಸ್ಥಾನದಲ್ಲಿಯೂ ಕೆಲವು ಕಡೆ ಉಪಾಧ್ಯಾಯನ ಸ್ಥಾನದಲ್ಲಿಯೂ ಇರುವನೆಂದೂ, ಈ ಹನ್ನೆರಡು ಮಂದಿಯನ್ನೂ ಊರೇ ಸಾಕುವುದೆಂದೂ ಅಲ್ಲಿ ಬರೆದಿದೆ. ಕವಿಗೂ ಕಣದಲ್ಲಿ ಪಾಲುಂಟು! ಸಾಹಿತ್ಯ ಮತ್ತು ದುಡಿಮೆಯ ಸಂಬಂಧವನ್ನು ಇದಕ್ಕಿಂತ ಸುಲಭವಾಗಿ ತಿಳಿಯಹೇಳುವ ದೃಷ್ಟಾಂತ ನಮಗೆ ಬೇರೆ ದೊರೆತಿಲ್ಲ.

ದೃಷ್ಟಾಂತಕ್ಕೊಂದು ನೆಲೆ ಬೇಕಷ್ಟೆ. ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಬೂದಿಗೆರೆಯನ್ನು ತೆಗೆದುಕೊಳ್ಳೋಣ. ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಊರು ಅದು. ಹೊಳೆಯಿಲ್ಲದ ಈ ಸೀಮೆಯಲ್ಲಿ ಕೆರೆಯೇ ಜೀವ. ಕೆರೆಯ ಹಿಂದೆ ಗದ್ದೆ, ದಿಣ್ಣೆಯ ಮೇಲೆ ರಾಗಿಯ ಹೊಲ, ನಡುವೆ ಹಿಪ್ಪುನೇರಳೆ, ದ್ರಾಕ್ಷಿಯ ಚಪ್ಪರ. ಇಂಥ ಊರಿನಲ್ಲಿ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಣಯಿಸುವ ನೀರುಗಂಟಿಯ ಕೆಲಸ ಚಿಕ್ಕದಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ರಾಶಿಯಾಗುವುದು, ರಾಶಿಗೆ ಪೂಜೆಯಾಗುವುದು, ಆಮೇಲೆ ಆಯಗಾರರು ಒಬ್ಬೊಬ್ಬರಾಗಿ ಬಂದು ತಮಗೆ ಸಲ್ಲುವ ಕಂತೆಯನ್ನೋ ಮೊರದ ಅಳತೆಯ ಕಾಳನ್ನೋ ಪಡೆದು ಹೋಗುವರು. ಅದಕ್ಕೆ ಆಯವೆಂದು ಹೆಸರು. ಹಣದ ಮಾತಿಲ್ಲ, ಚೌಕಾಸಿಯ ಮಾತಿಲ್ಲ. ದೂರದಿಂದ ನೋಡಿದವರಿಗೆ ಇದು ಒಂದು ದೊಡ್ಡ ಮನೆಯಂತೆ ಕಾಣುವುದು.

ಹತ್ತಿರ ಹೋಗಿ ನೋಡಿದರೆ ಹೇಗೆ? ಮಾರ್ಕ್ಸನು 1853ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಹಿಂದೂಸ್ಥಾನದ ವಿಷಯವಾಗಿ ಬರೆದ ಲೇಖನಗಳಲ್ಲಿ, ನೋಟಕ್ಕೆ ನಿರುಪದ್ರವಿಗಳಾದ ಈ ಹಳ್ಳಿಗಳು ಜಾತಿಭೇದದಿಂದಲೂ ದಾಸ್ಯದಿಂದಲೂ ಕಲುಷಿತವಾಗಿದ್ದುವೆಂದು ಸ್ಪಷ್ಟವಾಗಿಯೇ ಹೇಳಿದ್ದಾನೆ. ಗೌಡನ ಆಯಕ್ಕೂ ತೋಟಿಯ ಆಯಕ್ಕೂ ಒಂದೇ ಹೆಸರಿದ್ದರೂ ಒಂದೇ ಮಾನವಿರಲಿಲ್ಲ. ಒಬ್ಬನು ಕಣದ ನಡುವೆ ನಿಂತು ಅಳೆಯಿಸಿದನು. ಇನ್ನೊಬ್ಬನು ಕಣದ ಅಂಚಿನಲ್ಲಿ ಸೆರಗೊಡ್ಡಿದನು. ಇಷ್ಟಲ್ಲದೆ ಆ ಪಟ್ಟಿಯಲ್ಲಿ ಇಲ್ಲದವರ ಪಟ್ಟಿಯೂ ಒಂದುಂಟು. ಕಪಿಲೆಯ ಬಾವಿಗೆ ತೊಗಲಿನ ಬಾನಿಯನ್ನು ಹೊಲಿದುಕೊಟ್ಟವನು ಅಲ್ಲಿಲ್ಲ. ನಾಟಿ ಹಾಕಿ, ಕಳೆ ಕಿತ್ತು, ರಾಗಿ ಬೀಸಿ, ಮುದ್ದೆ ತೊಳಸಿ ಬಡಿಸಿದ ಹೆಂಗಸು ಅಲ್ಲಿ ಒಬ್ಬಳೂ ಇಲ್ಲ. ಅವಳಿಗೆ ಆಯವೆಂಬುದೇ ಇಲ್ಲ. ಗಂಡನ ಆಯದಲ್ಲಿ ಅವಳದು ಸೇರಿಹೋಯಿತು.

ಇಲ್ಲಿಗೆ ಮಾರ್ಕ್ಸನ ಸಿದ್ಧಾಂತದ ತಿರುಳನ್ನು ಎರಡು ಮಾತಿನಲ್ಲಿ ಹೇಳಬಹುದಾಗಿದೆ. ಮನುಷ್ಯನು ಮೊದಲು ಉಣ್ಣಬೇಕು, ಉಡಬೇಕು, ಸೂರಿನ ಕೆಳಗೆ ಮಲಗಬೇಕು. ರಾಜಕೀಯ, ಶಾಸ್ತ್ರ, ಕಲೆ, ಧರ್ಮ ಇವೆಲ್ಲ ಅದರ ಅನಂತರದವು ಎಂಬುದು ಮಿತ್ರನ ಸಮಾಧಿಯ ಬಳಿ 1883ರಲ್ಲಿ ಎಂಗೆಲ್ಸನು ಮಾಡಿದ ಭಾಷಣದ ತಾತ್ಪರ್ಯ. ಅನ್ನವನ್ನು ಹುಟ್ಟಿಸುವ ಕ್ರಮ ತಳಪಾಯ. ಕಾಯಿದೆ, ನೀತಿ, ಕಾವ್ಯ ಮೊದಲಾದವು ಅದರ ಮೇಲೆ ಎದ್ದ ಕಟ್ಟಡ. ತಳಪಾಯ ಕದಲಿದರೆ ಮೇಲಿನ ಗೋಡೆಯಲ್ಲಿ ಬಿರುಕು ಕಾಣದೆ ಇರದು. ಆದರೆ ಇದನ್ನು ಗಿಳಿಪಾಠದಂತೆ ಒಪ್ಪಿಸತಕ್ಕದ್ದಲ್ಲ. ಎಲ್ಲಕ್ಕೂ ಹೊಟ್ಟೆಯೊಂದೇ ಕಾರಣವೆಂದು ತಾವು ಹೇಳಿಲ್ಲ, ಮೇಲಿನ ಕಟ್ಟಡವೂ ತಳಪಾಯದ ಮೇಲೆ ತಿರುಗಿ ಕೆಲಸ ಮಾಡುವುದುಂಟು ಎಂದು ಎಂಗೆಲ್ಸನೇ 1890ರ ಕಾಗದವೊಂದರಲ್ಲಿ ಎಚ್ಚರಿಕೆ ಕೊಟ್ಟಿದ್ದಾನೆ. ಈ ಎಚ್ಚರಿಕೆಯನ್ನು ಮರೆತ ಶಿಷ್ಯರಿಂದಲೇ ಗುರುವಿಗೆ ಹೆಚ್ಚು ಅಪಕೀರ್ತಿ ಬಂದಿದೆ.

ಮೊದಲು ದುಡಿಮೆಗೂ ಹಾಡಿಗೂ ಇರುವ ನಂಟನ್ನು ನೋಡೋಣ. ಕ್ರಿಸ್ಟಫರ್ ಕಾಡ್ವೆಲ್ ಎಂಬ ಇಂಗ್ಲಿಷ್ ತರುಣನು ಸ್ಪೇನಿನ ಅಂತರ್ಯುದ್ಧದಲ್ಲಿ 1937ರಲ್ಲಿ ಮಡಿದನು. ಅದೇ ವರ್ಷ ಕಾವ್ಯದ ಹುಟ್ಟನ್ನು ಕುರಿತ ಅವನ ಪುಸ್ತಕ ಬೆಳಕು ಕಂಡಿತು. ಇನ್ನೂ ಹುಟ್ಟದಿರುವ ಬೆಳೆಯನ್ನು ಹಾಡು ಕಣ್ಣಮುಂದೆ ತಂದು ನಿಲ್ಲಿಸುವುದು, ಆ ಆಸೆಯಿಂದ ಜನ ಒಟ್ಟಾಗಿ ಹೊಲಕ್ಕಿಳಿಯುವರು ಎಂಬುದು ಅವನ ವಾದದ ಒಂದು ಮುಖ್ಯ ಎಳೆ. ಇದನ್ನು ತಿಳಿಯುವುದಕ್ಕೆ ನಾವು ಸ್ಪೇನಿಗೆ ಹೋಗಬೇಕಾಗಿಲ್ಲ. ನಮ್ಮ ಬೀಸುವ ಪದಗಳು ಸಾಕು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಅಚ್ಚು ಹಾಕಿಸಿದಾಗ ವಿದ್ವಾಂಸರು ಬೆರಗಾದರು. ಅಕ್ಷರ ಕಲಿಯದ ಹೆಂಗಸರು ತ್ರಿಪದಿಯ ಲಯವನ್ನು ಎಲ್ಲಿ ಕಲಿತರು? ಕಲ್ಲು ಕಲಿಸಿತು. ಬೀಸುವ ಕಲ್ಲಿನ ಗೂಟವನ್ನು ಹಿಡಿದು ತೋಳು ಸುತ್ತು ಬರುವುದು, ಉಸಿರು ಎಳೆದು ಬಿಡುವುದು, ಹಿಡಿ ಕಾಳು ಹಾಕುವಾಗ ಒಂದು ಕ್ಷಣ ತಡೆಯುವುದು. ಆ ತಡೆಯೊಂದಿಗೆ ಹಾಡಿನ ನಿಲುಗಡೆಯೂ ಹೊಂದಿಕೊಂಡಿತು. ನಸುಕಿನಲ್ಲಿ ಒಬ್ಬಳೇ ಕೂತು ಸೇರುಗಟ್ಟಲೆ ರಾಗಿ ಬೀಸಬೇಕಾದವಳು ತವರನ್ನೂ ತಾಯಿಯನ್ನೂ ನೆನೆದು ಹಾಡಿದಳು. ಶ್ರಮ ಹಾಡನ್ನು ಹೆತ್ತಿತು. ಹಾಡು ಶ್ರಮವನ್ನು ಹೊರುವಂತೆ ಮಾಡಿತು.

ಕೆಲವು ಕಾಲದ ಮೇಲೆ ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಬಂತು. ಬೂದಿಗೆರೆಯಂಥ ಊರುಗಳಲ್ಲಿ ಬೀಸುವ ಕಲ್ಲು ಮೂಲೆ ಸೇರಿತು. ಬೀಸುವ ಪದ ಕ್ರಮವಾಗಿ ನಿಂತಿತು. ತಳಪಾಯ ಕದಲಿದರೆ ಮೇಲಿನದು ಕದಲುವುದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಈಗ ಕಾವ್ಯಪ್ರಿಯರಾದ ನಾವು ಏನು ಹೇಳಬೇಕು? 'ಅಯ್ಯೋ, ಎಂಥ ಹಾಡು ಹೋಯಿತು' ಎಂದು ಪೇಟೆಯಲ್ಲಿ ಕೂತು ಮರುಗುವುದು ಸುಲಭ. ಆ ತೋಳುಗಳ ನೋವನ್ನು ಕೇಳಿದವರು ಹಾಗೆ ಮರುಗಲಾರರು. ಗಿರಣಿಯ ಮುಂದೆ ಹಿಟ್ಟಿನ ಡಬ್ಬಿ ಇಟ್ಟು ನಿಂತ ಯಾವ ತಾಯಿಯೂ ಹಾಡಿಗಾಗಿ ಕಲ್ಲನ್ನು ಮರಳಿ ಕೇಳಿದ್ದನ್ನು ನಾವು ಕಂಡಿಲ್ಲ. ಅವಳಿಗೆ ಉಳಿದ ಆ ಎರಡು ಗಳಿಗೆ ಹೊತ್ತು ಯಾರ ಪಾಲಾಯಿತು, ಅದರಲ್ಲಿ ಅವಳು ಹೊಸ ಹಾಡು ಕಟ್ಟುವಷ್ಟು ಬಿಡುವು ದೊರೆಯಿತೇ, ಇಲ್ಲ ಕೂಲಿಗೆ ಹೋಗುವಂತಾಯಿತೇ ಎಂಬುದು ಕೇಳಬೇಕಾದ ಪ್ರಶ್ನೆ. ಹೀಗೆ ಕೇಳುವುದೇ ಮಾರ್ಕ್ಸನ ದೃಷ್ಟಿ.

ದುಡಿಮೆಯ ವಿಚಾರವಾಗಿ ನಮ್ಮವರೇ ಕೇಳಿಕೊಂಡ ಪ್ರಶ್ನೆಗಳೂ ಉಂಟು. ಎಲ್ಲವೂ ಪಡುವಣದಿಂದ ಬರಬೇಕಾಗಿರಲಿಲ್ಲ. 12ನೆಯ ಶತಮಾನದ ಶರಣರು ಕಾಯಕವೆಂದು ಕರೆದದ್ದು ಮೈ ಬಗ್ಗಿಸಿ ಮಾಡುವ ಕೆಲಸವನ್ನು; ಹಗ್ಗ ಹೊಸೆದವರು, ದೋಣಿ ನಡೆಸಿದವರು ಅಲ್ಲಿ ವಚನಕಾರರಾದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಂಡತಿಯಾದ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಅಗತ್ಯಕ್ಕಿಂತ ಮಿಗಿಲಾದದ್ದು ಎಲ್ಲಿಂದ ಬಂತು, ಯಾರಿಗೆ ಸೇರಬೇಕು ಎಂಬುದೇ ಅವಳ ಪ್ರಶ್ನೆ. 'ಮಿಗುತಾಯ ಮೌಲ್ಯ'ವೆಂದು ಮಾರ್ಕ್ಸನು ಸಾವಿರ ಪುಟಗಳಲ್ಲಿ ಬಿಡಿಸಿದ ಗಂಟಿನ ಒಂದು ತುದಿಯನ್ನು ಲಕ್ಕಮ್ಮ ಅಡುಗೆಮನೆಯಲ್ಲಿ ನಿಂತು ಹಿಡಿದಿದ್ದಳು. ಇಬ್ಬರೂ ಒಂದನ್ನೇ ಹೇಳಿದರೆಂದು ನಾವು ಸಾಧಿಸಹೊರಟಿಲ್ಲ. ಲಕ್ಕಮ್ಮನದು ಭಕ್ತಿಯ ಮಾರ್ಗ. ಆಸೆಯನ್ನು ಒಳಗಿನಿಂದ ಗೆಲ್ಲಬೇಕೆಂಬುದು ಅವಳ ಬೋಧೆ. ಮಾರ್ಕ್ಸನದು ಲೆಕ್ಕದ ಮಾರ್ಗ. ಆಳು ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ದುಡಿದರೆ, ಅವನ ಕೂಲಿಯಷ್ಟು ಬೆಲೆ ಮಧ್ಯಾಹ್ನದೊಳಗೇ ಹುಟ್ಟಿತು ಎಂದಿಟ್ಟುಕೊಳ್ಳಿ. ಉಳಿದ ಅರ್ಧ ದಿನದ ಬೆವರು ಯಾರ ಕಣಜಕ್ಕೆ ಹೋಯಿತು ಎಂದು ಅವನು ಕೇಳುವನು.

ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಈ ಬೆಳಕಿನಲ್ಲಿ ಓದಿದರೆ ಅದರ ಸವಿ ಇಮ್ಮಡಿಸುವುದು. ಅಕ್ಕಿಗೂ ರಾಗಿಗೂ ಮೇಲುಕೀಳಿನ ಜಗಳ. ರಾಮನು ಎರಡನ್ನೂ ಸೆರೆಯಲ್ಲಿಡಿಸುವನು. ಆರು ತಿಂಗಳ ಮೇಲೆ ನೋಡಿದರೆ ಅಕ್ಕಿ ಕಳೆಗುಂದಿದೆ, ರಾಗಿ ಕೆಡದೆ ಉಳಿದಿದೆ. ರಾಘವನ ಹೆಸರೇ ರಾಗಿಗೆ ಬರುವುದು. ದೇವನಹಳ್ಳಿ, ಹೊಸಕೋಟೆಯ ದಿಣ್ಣೆಗಳಲ್ಲಿ ರಾಗಿ ಬೆಳೆದು ರಾಗಿ ಉಂಡವರು ಈ ಕಥೆಯನ್ನು ಕೇಳಿ ತಲೆದೂಗಿದ್ದರೆ ಅದು ರಾಮಭಕ್ತಿಯೊಂದರಿಂದಲೇ ಅಲ್ಲ. ತಮ್ಮ ತಟ್ಟೆಯ ಮರ್ಯಾದೆಗಾಗಿ ಒಬ್ಬ ಕವಿ ವಾದಿಸುತ್ತಿದ್ದಾನೆಂಬುದು ಅವರಿಗೆ ತಿಳಿಯುತ್ತಿತ್ತು.

ಇನ್ನು ಸಂಸಾರದ ವಿಷಯ. ಎಂಗೆಲ್ಸನು 1884ರಲ್ಲಿ ಕುಟುಂಬ, ಖಾಸಗಿ ಆಸ್ತಿ, ಪ್ರಭುತ್ವ ಇವುಗಳ ಮೂಲವನ್ನು ಕುರಿತು ಒಂದು ಪುಸ್ತಕ ಬರೆದನು. ಅಮೆರಿಕದ ಮಾರ್ಗನ್ ಎಂಬ ಪಂಡಿತನ ಸಂಶೋಧನೆಯೇ ಅದಕ್ಕೆ ಆಧಾರ. ಆಮೇಲಿನ ಮಾನವಶಾಸ್ತ್ರಜ್ಞರು ಅದರ ಹಲವು ಅಂಶಗಳನ್ನು ತಿದ್ದಿದ್ದಾರೆ. ಆದರೆ ನಡುವಿನ ಪ್ರಶ್ನೆ ಉಳಿದಿದೆ. ಸಂಸಾರವೆಂಬುದು ಪ್ರೀತಿಯ ಗೂಡು ಮಾತ್ರವೋ, ಆಸ್ತಿಯನ್ನು ತಂದೆಯಿಂದ ಮಗನಿಗೆ ದಾಟಿಸುವ ಏರ್ಪಾಡೂ ಹೌದೋ? ಎರಡನೆಯದು ನಿಜವಾದರೆ, ಆ ಏರ್ಪಾಡಿನಲ್ಲಿ ದುಡಿಯುವವರು ಯಾರು, ಒಡೆಯರು ಯಾರು?

ಬೂದಿಗೆರೆಯ ಸುತ್ತಿನ ರೇಷ್ಮೆ ಬೆಳೆಯುವ ಮನೆಯನ್ನು ನೋಡಿದರೆ ಉತ್ತರ ಹೊಳೆಯುವುದು. ಹುಳು ಮೊಟ್ಟೆಯೊಡೆದು ಬಂದ ದಿನದಿಂದ ಹಣ್ಣಾಗುವವರೆಗೆ ಸುಮಾರು ನಾಲ್ಕು ವಾರ. ನಾಲ್ಕು ಸಲ ಹುಳು ಜ್ವರಕ್ಕೆ ಕೂರುವುದು, ಎಂದರೆ ಪೊರೆ ಬಿಡುವುದು. ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ತಟ್ಟೆಯ ಮೇಲೆ ಸೊಪ್ಪು ಉದುರಿಸಿದರೆ ಮಳೆ ಬಿದ್ದಂತೆ ಸದ್ದಾಗುವುದು. ಆ ದಿನಗಳಲ್ಲಿ ಮನೆಯ ಹೆಂಗಸು ಮಲಗಿದ್ದುಂಟೇ? ಸೊಪ್ಪು ಕತ್ತರಿಸಬೇಕು, ಕಸ ತೆಗೆಯಬೇಕು, ನಡುರಾತ್ರಿ ಎದ್ದು ಮೇವು ಕೊಡಬೇಕು, ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಕಂಕುಳಿನ ಕೂಸನ್ನು ಸಾಕುವುದಕ್ಕೂ ಹುಳುವನ್ನು ಸಾಕುವುದಕ್ಕೂ ಅವಳಿಗೆ ಭೇದವಿಲ್ಲ. ಗೂಡು ಬಿಡಿಸಿದ ಮೇಲೆ ಮೂಟೆ ಹೊತ್ತು ವಿಜಯಪುರಕ್ಕೋ ಶಿಡ್ಲಘಟ್ಟಕ್ಕೋ ಹೋಗಿ ಹರಾಜಿನಲ್ಲಿ ನಿಂತು ಹಣ ಎಣಿಸಿಕೊಂಡು ಬರುವವರು ಸಾಧಾರಣವಾಗಿ ಗಂಡಸರು. ಯಾರೂ ಇಲ್ಲಿ ದುಷ್ಟರಲ್ಲ. ಗಂಡ ಹೆಂಡತಿಯನ್ನು ಪ್ರೀತಿಸುವವನೇ ಆಗಿರಬಹುದು. ಆದರೂ ನಾಲ್ಕು ವಾರದ ನಿದ್ದೆಗೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಪ್ರೀತಿಯಿದ್ದ ಮಾತ್ರಕ್ಕೆ ಪಾಲು ಸಿಕ್ಕುವುದೆಂಬ ಭರವಸೆಯಿಲ್ಲ ಎಂಬುದು ಎಂಗೆಲ್ಸನ ಪುಸ್ತಕದಿಂದ ನಾವು ಕಲಿಯಬೇಕಾದ ಪಾಠ.

ಈ ಪಾಲಿನ ವಿಚಾರದಲ್ಲಿ ನಮ್ಮ ಸಂಸ್ಥಾನ ಹಿಂದೆ ಬಿದ್ದಿರಲಿಲ್ಲವೆಂಬುದನ್ನು ಸಂತೋಷದಿಂದ ಹೇಳಬಹುದು. ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತ ಮೈಸೂರಿನ ಕಾಯಿದೆ 1933ರಲ್ಲಿಯೇ ಆಯಿತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳು ಮೊದಲಾದವರಿಗೂ ಭಾಗವುಂಟೆಂದು ಅದು ಒಪ್ಪಿತು. ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರದ ಕಾಯಿದೆ ಬಂದದ್ದು 1956ರಲ್ಲಿ. ಹೆಣ್ಣುಮಗಳೂ ಗಂಡುಮಗನಂತೆ ಹುಟ್ಟಿನಿಂದಲೇ ಭಾಗಸ್ಥಳೆಂದು ಕರ್ನಾಟಕ 1994ರಲ್ಲಿಯೂ ದೇಶ 2005ರಲ್ಲಿಯೂ ತಿದ್ದುಪಡಿ ಮಾಡಿದುವು. ಕಾಯಿದೆ ಇಷ್ಟು ದೂರ ನಡೆದಿದೆ. ಮನೆಯ ಹೊಸ್ತಿಲು ದಾಟುವುದರಲ್ಲಿ ಅದರ ಕಾಲು ಇನ್ನೂ ತಡವರಿಸುತ್ತದೆ. ಅರಿಸಿನ ಕುಂಕುಮದ ಹೆಸರಿನಲ್ಲಿ ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿದ ಅಕ್ಕತಂಗಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಹೆಣ್ಣಿನ ದುಡಿಮೆಯ ಮೇಲೆ ಮನೆ ಹೇಗೆ ನಿಲ್ಲುವುದೆಂಬುದನ್ನು ಕಾಯಿದೆಗಿಂತ ಚೆನ್ನಾಗಿ ತೋರಿಸಿದ ಕಾದಂಬರಿ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಕಡಲಂಚಿನ ಆ ಮನೆಯ ಪಾರೋತಿ, ಸರಸೋತಿ, ನಾಗವೇಣಿಯರು ಯಾವ ಸಿದ್ಧಾಂತವನ್ನೂ ಬೋಧಿಸರು. ಅವರ ಕೈಗಳೇ ಮಾತನಾಡುತ್ತವೆ.

ಈಗ ಮಾರ್ಕ್ಸನ ಕಣ್ಣಿಗೆ ಪೂರ್ತಿ ಸಿಕ್ಕದಿದ್ದ ಸಂಗತಿಯೊಂದಕ್ಕೆ ಬರೋಣ. ರೈಲುರಸ್ತೆ ಬಂದರೆ ಕುಲಕಸುಬಿನ ಕಟ್ಟು ಸಡಿಲಿ ಜಾತಿಯೂ ಕರಗುವುದೆಂದು ಅವನು 1853ರಲ್ಲಿ ನಿರೀಕ್ಷಿಸಿದನು. ಮದರಾಸಿನ ಕಡೆಯಿಂದ ಬೆಂಗಳೂರಿಗೆ ರೈಲು 1864ರಲ್ಲಿ ಬಂತು. ಜಾತಿ ಕರಗಲಿಲ್ಲ; ತಾನೂ ಟಿಕೀಟು ಕೊಂಡು ಗಾಡಿ ಹತ್ತಿತು. ಇದರ ಕಾರಣವನ್ನು ಡಾಕ್ಟರ್ ಅಂಬೇಡ್ಕರರು 1936ರಲ್ಲಿ ಪ್ರಕಟಿಸಿದ ಜಾತಿವಿನಾಶದ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಜಾತಿ ಎಂಬುದು ಕೆಲಸದ ವಿಭಾಗವಷ್ಟೇ ಆಗಿರದೆ ಕೆಲಸಗಾರರನ್ನೇ ಒಬ್ಬರ ಮೇಲೊಬ್ಬರನ್ನಾಗಿ ಪೇರಿಸಿ ಬೇರ್ಪಡಿಸುವ ಏಣಿ ಎಂಬುದು ಅವರ ವಾದದ ಸಾರ. ಬಡಗಿಗೂ ತೋಟಿಗೂ ಬಡತನ ಒಂದೇ ಆಗಿದ್ದರೂ ನೀರಿನ ಬಾವಿ ಒಂದಾಗಿರಲಿಲ್ಲ. ಆದ್ದರಿಂದ ಮಾರ್ಕ್ಸನ 'ಯಾರು ದುಡಿದರು, ಯಾರು ಉಂಡರು' ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಇನ್ನೊಂದನ್ನು ಕೂಡಿಸಲೇಬೇಕು: ಯಾರನ್ನು ಊರಾಚೆ ಇಟ್ಟರು?

ಕಾರಂತರ 'ಚೋಮನ ದುಡಿ' 1933ರಲ್ಲಿ ಈ ಪ್ರಶ್ನೆಯನ್ನು ಕೇಳಿತು. ಚೋಮನಿಗೆ ಎತ್ತುಗಳಿವೆ, ತೋಳಿನಲ್ಲಿ ಶಕ್ತಿಯಿದೆ; ಬೇಕಾದದ್ದು ಒಂದು ತುಂಡು ಹೊಲ. ಅವನ ಕುಲದವನು ಬೇಸಾಯಗಾರನಾಗಕೂಡದೆಂದು ರೂಢಿ ಅಡ್ಡ ನಿಲ್ಲುವುದು. ಸಾಲ ತೀರಿಸಲು ಮಕ್ಕಳು ಕಾಫಿಯ ತೋಟಕ್ಕೆ ಹೋಗುವರು. ಸಂಸಾರ ಒಂದೊಂದು ಎಳೆಯಾಗಿ ಬಿಚ್ಚಿಹೋಗುವುದು. ದುಡಿಮೆ, ಸಂಸಾರ, ಸಮಾಜ, ಮೂರೂ ಒಂದೇ ಗುಡಿಸಲಿನಲ್ಲಿ ಮುರಿದುಬೀಳುವುದನ್ನು ಇಷ್ಟು ಚಿಕ್ಕ ಪುಸ್ತಕದಲ್ಲಿ ತೋರಿಸಿದವರು ವಿರಳ. ಕಾರಂತರು ಮಾರ್ಕ್ಸ್‌ವಾದಿಗಳಲ್ಲ. ಅದರಿಂದೇನು? ಬಾಲ್ಜಾಕನು ರಾಜಪಕ್ಷಪಾತಿಯಾಗಿದ್ದರೂ ತನ್ನ ಪಕ್ಷದವರ ಪತನವನ್ನೇ ಸತ್ಯವಾಗಿ ಚಿತ್ರಿಸಿದನೆಂದು ಎಂಗೆಲ್ಸನು 1888ರ ಕಾಗದವೊಂದರಲ್ಲಿ ಮೆಚ್ಚಿದ್ದಾನೆ. ಲೇಖಕನ ಪಕ್ಷವನ್ನಲ್ಲದೆ ಅವನು ಕಂಡ ಸತ್ಯವನ್ನು ತೂಗಬೇಕೆಂಬುದು ಇದರ ಅರ್ಥ. ನಮ್ಮ ಆದಿಕವಿ ಪಂಪನನ್ನೇ ನೋಡಿ. ಅರಿಕೇಸರಿ ಅವನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನು. ಕವಿಗೆ ಸಂದ ಆಯ ಅದು. ಅಲ್ಲಿ ಉತ್ತವರ ಬೆವರೂ ಪಂಪನ ಕಾವ್ಯದ ಬುಡದಲ್ಲಿದೆ. ಆದರೆ ಅರಸನನ್ನು ಅರ್ಜುನನೊಡನೆ ಸಮೀಕರಿಸಹೊರಟ ಅದೇ ಕವಿ ಕುಲದ ಹೆಸರಿನಲ್ಲಿ ಅವಮಾನಿತನಾದ ಕರ್ಣನನ್ನು ಎಷ್ಟು ಎತ್ತರಕ್ಕೆ ಏರಿಸಿದನು! ಅನ್ನವಿಕ್ಕಿದವನ ಋಣ ಕವಿಯ ಕೈಯನ್ನು ಹಿಡಿದೀತು. ಕಣ್ಣನ್ನು ಪೂರ್ತಿ ಮುಚ್ಚಲಾರದು. ಗ್ರೀಕರ ಸಮಾಜ ಅಳಿದ ಮೇಲೂ ಅವರ ಮಹಾಕಾವ್ಯ ನಮ್ಮನ್ನು ಏಕೆ ಸೆಳೆಯುವುದೆಂದು ಮಾರ್ಕ್ಸನೂ 1857ರಲ್ಲಿ ತನ್ನನ್ನೇ ಕೇಳಿಕೊಂಡಿದ್ದನು. ಆ ಪ್ರಶ್ನೆ ಅವನ ಸಿದ್ಧಾಂತಕ್ಕೆ ಸುಲಭದ್ದಾಗಿರಲಿಲ್ಲ. ಅದನ್ನು ಬಚ್ಚಿಡದೆ ಬರೆದದ್ದು ಅವನ ದೊಡ್ಡತನ.

ಕನ್ನಡದಲ್ಲಿ ಈ ವಿಚಾರಗಳು ಚಳವಳಿಯ ರೂಪ ತಾಳಿದ್ದು 1940ರ ದಶಕದಲ್ಲಿ. ಅಖಿಲ ಭಾರತ ಪ್ರಗತಿಶೀಲ ಲೇಖಕರ ಮೊದಲ ಸಮ್ಮೇಳನ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಲಕ್ನೋದಲ್ಲಿ 1936ರಲ್ಲಿ ನಡೆಯಿತು, ನಮ್ಮಲ್ಲಿ ಅ. ನ. ಕೃಷ್ಣರಾಯರು ಮುಂದಾಳಾದರು, ತ. ರಾ. ಸುಬ್ಬರಾಯರು, ನಿರಂಜನರು, ಬಸವರಾಜ ಕಟ್ಟೀಮನಿಯವರು ಜೊತೆಗೂಡಿದರು. ಬೀದಿಯ ಬದುಕು, ಕೂಲಿಯವನ ಮನೆ, ಸೂಳೆಗೇರಿಯ ಸಂಕಟ ಕಾದಂಬರಿಗೆ ಬಂದುವು. ಕಾದಂಬರಿ ಪಂಡಿತರ ಕಪಾಟಿನಿಂದ ಸಾಮಾನ್ಯ ಓದುಗನ ಕೈಗೆ ಹೋಯಿತು. ಇದು ಸಣ್ಣ ಉಪಕಾರವಲ್ಲ. ನಿರಂಜನರು 1955ರಲ್ಲಿ ಬರೆದ 'ಚಿರಸ್ಮರಣೆ' ಈಗ ಕಾಸರಗೋಡು ಜಿಲ್ಲೆಗೆ ಸೇರಿರುವ ಕಯ್ಯೂರಿನ ರೈತರ ಕಥೆ. ಅಲ್ಲಿ 1941ರಲ್ಲಿ ನಡೆದ ಘಟನೆಗಾಗಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಮಲೆಯಾಳ ಸೀಮೆಯ ರೈತರ ಬಲಿದಾನ ಕನ್ನಡದಲ್ಲಿ ಕಾದಂಬರಿಯಾಯಿತು. ದುಡಿಯುವವರಿಗೆ ಭಾಷೆಯ ಗಡಿ ಅಡ್ಡವಲ್ಲವೆಂಬುದಕ್ಕೆ ಅದು ಸಾಕ್ಷಿ.

ದೋಷಗಳನ್ನೂ ಹೇಳಬೇಕು. ಆ ಕಾಲದ ಹಲವು ಕಾದಂಬರಿಗಳಲ್ಲಿ ಪಾತ್ರ ಬಾಯಿ ತೆರೆದರೆ ಭಾಷಣ ಹೊರಡುವುದು. ಬಡವನೆಂದರೆ ದೇವರು, ಸಾಹುಕಾರನೆಂದರೆ ರಾಕ್ಷಸ. ಲೇಖಕನ ಅಭಿಪ್ರಾಯ ಮರೆಯಲ್ಲಿದ್ದಷ್ಟೂ ಕೃತಿಗೆ ಕ್ಷೇಮವೆಂದು ಎಂಗೆಲ್ಸನೇ ಅದೇ 1888ರ ಕಾಗದದಲ್ಲಿ ಹೇಳಿದ್ದನ್ನು ಇವರು ಗಮನಿಸಲಿಲ್ಲ. ಊರಾಚೆಯ ಬದುಕನ್ನು ಊರೊಳಗಿನವರು ಮರುಕದಿಂದ ಬರೆದರೆ ಸಾಲದೆಂಬುದೂ ಕ್ರಮೇಣ ಗೊತ್ತಾಯಿತು. ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಮೊದಲಾದವರು 1970ರ ದಶಕದಲ್ಲಿ ತಮ್ಮ ದನಿಯಲ್ಲಿಯೇ ಮಾತನಾಡಿದಾಗ ಮತ್ತು 1979ರಲ್ಲಿ ಬಂಡಾಯ ಸಾಹಿತ್ಯದ ಸಂಘಟನೆ ಏರ್ಪಟ್ಟಾಗ, ಆಯಗಾರರ ಪಟ್ಟಿಯಲ್ಲಿ ಹೆಸರೇ ಇಲ್ಲದವರ ಮಕ್ಕಳು ಕವಿಯ ಆಯವನ್ನು ಕೇಳಿ ಪಡೆದಂತಾಯಿತು.

ಇಷ್ಟೆಲ್ಲ ಪುಸ್ತಕದ ಮಾತಾಯಿತು. ನೆಲದ ಮಾತಿಗೆ ಬರೋಣ. ಗೌಡಿಕೆ, ಶಾನುಭೋಗಿಕೆ, ತೋಟಿತನಗಳನ್ನು ವಂಶಪಾರಂಪರ್ಯವಾಗಿ ನಡೆಸುವ ಪದ್ಧತಿಯನ್ನು ರದ್ದು ಮಾಡಿದ ಕಾಯಿದೆ 1961ರದು. ಅದು ಜಾರಿಗೆ ಬಂದದ್ದು 1963ರಲ್ಲಿ. ದೇವರಾಜ ಅರಸರ ಕಾಲದಲ್ಲಿ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನೆಂಬ ತತ್ತ್ವಕ್ಕೆ ಬಲ ಬಂತು. ದಲಿತರಿಗೆ ಮಂಜೂರಾದ ಭೂಮಿ ಕೈಬಿಟ್ಟು ಹೋಗದಂತೆ 1978ರಲ್ಲಿ ಇನ್ನೊಂದು ಕಾಯಿದೆಯಾಯಿತು. ಹೀಗೆ ಎಷ್ಟೋ ತಲೆಮಾರು ಸೆರಗೊಡ್ಡಿ ನಿಂತವರ ಹೆಸರು ಪಹಣಿಗೆ ಬಂತು. ಅಷ್ಟರಲ್ಲಿ ನೆಲದ ಅರ್ಥವೇ ಬದಲಾಯಿತು. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನನಿಲ್ದಾಣ ತೆರೆಯಿತು. ಹಳೆಯ ಮದರಾಸು ರಸ್ತೆಯ ಬೂದಿಗೆರೆ ಕ್ರಾಸಿನ ಸುತ್ತ ಬಹುಮಹಡಿಯ ವಸತಿಗಳು ಎದ್ದುವು. ಬೇಸಾಯಗಾರರಲ್ಲದವರೂ ಬೇಸಾಯದ ಭೂಮಿಯನ್ನು ಕೊಳ್ಳಬಹುದೆಂದು 2020ರಲ್ಲಿ ಕಾಯಿದೆ ಸಡಿಲವಾಯಿತು. ರಾಗಿ ಬೆಳೆಯುವ ಎಕರೆಯನ್ನು ಈಗ ಚದರಡಿಯಲ್ಲಿ ಅಳೆಯುತ್ತಾರೆ.

ಹೊಲ ಮಾರಿದವನ ಕೈಗೆ ಹಣ ಬಂತು. ಹಣಕ್ಕೆ ನೀರು ಕಟ್ಟಿ ಬೆಳೆ ತೆಗೆಯುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ. ತಾನು ಉತ್ತ ನೆಲದ ಮೇಲೆ ಎದ್ದ ಕಟ್ಟಡದ ಬಾಗಿಲಲ್ಲಿ ಕೆಲವರು ಕಾವಲುಗಾರರಾದರು. ಅವರ ಮನೆಯ ಹೆಂಗಸರು ಅದೇ ಕಟ್ಟಡದ ಮೆಟ್ಟಿಲು ಗುಡಿಸುವರು. ಮಾರ್ಕ್ಸನು ಹೇಳಿದ ಎರಡು ಬಗೆಯ ಸ್ವಾತಂತ್ರ್ಯ ಇದೇ: ಒಡೆಯನ ಕಟ್ಟಿನಿಂದಲೂ ಬ��ಡುಗಡೆ, ಬದುಕುವ ಸಾಧನದಿಂದಲೂ ಬಿಡುಗಡೆ. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಪ್ರಯತ್ನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ನಡೆಸಿದರು. ಸಾಹಿತಿಗಳೂ ಕಲಾವಿದರೂ ಅವರೊಂದಿಗೆ ದನಿಗೂಡಿಸಿದರು. ಆ ಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಪ್ರಕಟಿಸಿದರು. ಕೊಡಲೊಪ್ಪುವ ರೈತರಿಂದ ಮಾತ್ರ ಭೂಮಿ ಪಡೆಯುವೆವೆಂಬ ಮಾತೂ ಜೊತೆಗಿತ್ತು. ಆದ್ದರಿಂದ ಕಥೆ ಪೂರ್ತಿ ಮುಗಿದಂತಲ್ಲ. ಆದರೂ ನೆಲದ ಬೆಲೆಯನ್ನು ಹಣದಲ್ಲಿ ಮಾತ್ರ ಎಣಿಸಲೊಲ್ಲದವರು ಇನ್ನೂ ಇದ್ದಾರೆಂಬುದು ಸಿದ್ಧವಾಯಿತು.

ನಮ್ಮ ಮಾತಿನ ಸಾರ ಇಷ್ಟೆ. ಮಾರ್ಕ್ಸನನ್ನು ಪೂಜಿಸಬೇಕಾಗಿಲ್ಲ, ದೂರಬೇಕಾಗಿಯೂ ಇಲ್ಲ. ಅವನ ಹೆಸರಿನಲ್ಲಿ ನಡೆದ ರಾಜ್ಯಭಾರಗಳಲ್ಲಿ ಕವಿಗಳು ಸೆರೆಮನೆಯನ್ನು ಕಂಡದ್ದುಂಟು. ಅನ್ನದ ಹೆಸರಿನಲ್ಲಿ ಹಾಡಿನ ಗಂಟಲು ಹಿಸುಕುವುದನ್ನು ಸಾಹಿತ್ಯದ ಉಪಾಧ್ಯಾಯರಾದ ನಾವು ಒಪ್ಪಲಾರೆವು. ಹಾಡಿನ ಹೆಸರಿನಲ್ಲಿ ಅನ್ನದ ಲೆಕ್ಕವನ್ನು ಮುಚ್ಚಿಡುವುದನ್ನೂ ಒಪ್ಪಲಾರೆವು. ಒಂದು ಪುಸ್ತಕವನ್ನು ಕೈಗೆತ್ತಿಕೊಂಡಾಗ ಅದರ ರಸವನ್ನು ಸವಿಯಿರಿ. ಸವಿಯುತ್ತಲೇ, ಈ ಕಥೆಯ ಮನೆಯಲ್ಲಿ ಒಲೆ ಉರಿಸಿದವರು ಯಾರು, ಹೊಲ ಉತ್ತವರು ಯಾರು, ಹೊರಗೆ ನಿಂತವರು ಯಾರು ಎಂದೂ ಕೇಳಿರಿ. ಹಾಗೆ ಕೇಳಿದರೆ ಒಳ್ಳೆಯ ಪುಸ್ತಕ ಇನ್ನಷ್ಟು ತೆರೆದುಕೊಳ್ಳುವುದು. ಜೊಳ್ಳು ಪುಸ್ತಕ ತೂರಿಹೋಗುವುದು. ಊರು ಕವಿಗೆ ಆಯ ಕೊಟ್ಟದ್ದು ಇಂಪಾಗಿ ಹಾಡಲೆಂದು ಮಾತ್ರವಲ್ಲ, ಊರಿನ ನೆನಪನ್ನು ಕಾಯಲೆಂದೂ ಇರಬೇಕು. ಕಣದಲ್ಲಿ ಯಾರಿಗೆ ಎಷ್ಟು ಸಂದಿತು, ಯಾರಿಗೆ ಸಲ್ಲದೆ ಹೋಯಿತು ಎಂಬುದನ್ನು ಮರೆಯದೆ ಹೇಳುವ ಕವಿಗೆ, ಅವನು ಯಾವ ಕೇರಿಯವನಾದರೂ ಅವಳು ಯಾವ ಮನೆಯವಳಾದರೂ, ಆ ಆಯ ನ್ಯಾಯವಾಗಿ ಸಲ್ಲತಕ್ಕದ್ದು.